ಒಂದು ಯೂನಿಟ್

ಈ ಊರಿಗೆ ನಾನು ಹೊಸಬಳು.
ದಾವಣಗೆರೆ ನನಗೆ ಸಿಕ್ಕಿದ್ದು ಮೀಟರುಗಳ ಕಡೆಯಿಂದ.
ಕೊರಳಿಗೆ ಬಿಲ್ಲಿನ ಯಂತ್ರ, ಕೈಯಲ್ಲಿ ಟಾರ್ಚು,
ತಿಂಗಳ ಮೊದಲ ಹದಿನೈದು ದಿನ
ಚೌಕಿಪೇಟೆ, ಮಂಡಿಪೇಟೆ, ಆಚೆ ಗೇಟು ದಾಟಿ ಭಟ್ಟಿಗಳ ಸಾಲು.

ಅಂಗಡಿಯ ಮುಂಬಾಗಿಲು ಗಿರಾಕಿಗೆ.
ನನಗೆ ಹಿತ್ತಲ ಸಂದಿ, ಹಿಟ್ಟಿನ ಚೀಲಗಳ ಸಂದು,
ಹೋದ ವರ್ಷದ ಕ್ಯಾಲೆಂಡರಿನ ಹಿಂದೆ
ಜೇಡ ಕಾವಲಿರುವ ಪೆಟ್ಟಿಗೆ.

ಪುಟ್ಟೂಬಾಯಿಯ ಗುಂಡಿ ಅಂಗಡಿ ನಾಲ್ಕಡಿ ಅಗಲ.
ಒಬ್ಬರು ಹೊರಗೆ ಬಂದರೆ ಇನ್ನೊಬ್ಬರು ಒಳಗೆ.
ಡಬ್ಬಿಗೊಂದು ಗುಂಡಿ ಹೊಲಿದಿಟ್ಟಿದ್ದಾಳೆ, ಚೀಟಿಯ ಬದಲು.
ಮೂವತ್ತೆಂಟು ಯೂನಿಟ್ ಎಂದರೆ ಅತ್ತ ಕಿವಿಯಿಲ್ಲ,
ಕಣ್ಣೆಲ್ಲ ನನ್ನ ಖಾಕಿ ಕೋಟಿನ ತೋಳಿನ ಮೇಲೆ.
"ಇದು ಕಂದಲ್ಲ ತಂಗಿ, ಕಂದಿನ ಅಣ್ಣ" ಎನ್ನುತ್ತ
ಏಳು ಡಬ್ಬಿ ಇಳಿಸಿದಳು, ಒಂದು ಗುಂಡಿಗೆ.
ಎರಡು ರೂಪಾಯಿ ತೆಗೆದುಕೊಂಡಳು. ಹೊಲಿಗೆ ಬಿಟ್ಟಿ.

ಬೆಣ್ಣೆ ದೋಸೆಯ ದೊಡ್ಡ ಬೋರ್ಡುಗಳು ನಿಮಗೂ ಗೊತ್ತು.
ಕೊಟ್ರಬಸಮ್ಮನಿಗೆ ಬೋರ್ಡಿಲ್ಲ.
ನಿಂತುಹೋದ ಹತ್ತಿಗಿರಣಿಯ ಗೋಡೆಗೆ ಬೆನ್ನು ಕೊಟ್ಟ
ಎರಡು ಬೆಂಚು, ಒಂದು ಬಲ್ಬು, ಒಂದು ರೇಡಿಯೋ.
ಹನ್ನೊಂದು ಯೂನಿಟ್.
ಇಷ್ಟು ಜನ, ಇಷ್ಟು ಹೊಗೆ, ಹನ್ನೊಂದೇ?
ಮೀಟರಿಗೆ ಎರಡು ಸಲ ಬಡಿದು ನೋಡಿದೆ.
"ಸೌದಿ ಉರಿಗೂ ಮೀಟರ್ ಹಾಕ್ತೀರೇನ್ರೀ?"
ಕಾವಲಿಯ ಹಿಂದಿನಿಂದ ನಗು.
ಖಾಲಿ ದೋಸೆ ಬಂತು, ಮೇಲೆ ಬೆಣ್ಣೆ.
ಅದು ಅಂಚಿನವರೆಗೆ ಹರಿಯುವ ತನಕ
ಸರ್ಕಾರದ ಕೆಲಸ ನಿಂತಿತ್ತು.

ಭಟ್ಟಿಗಳ ಹತ್ತಿರ ಮೂರಂಗಡಿಗೆ ಒಂದೇ ಮೀಟರು:
ಹಾಲೇಶಿಯ ಮೆಣಸಿನಕಾಯಿ ಬಜ್ಜಿ, ಇಮಾಂಸಾಬರ ಕ್ಷೌರ,
ನಡುವೆ ಕೊಡೆ ರಿಪೇರಿಯ ಗುಡ್ಡಪ್ಪ.
ಕಟ್ಟುವವನು ಹಾಲೇಶಿ. ಉಳಿದಿಬ್ಬರು ತೀರಿಸುವುದು
ಒಬ್ಬರು ಅವನ ಮಕ್ಕಳ ತಲೆ ಬೋಳಿಸಿ,
ಇನ್ನೊಬ್ಬ, ಮಳೆ ಬಂದರೆ.
ಈ ಲೆಕ್ಕಕ್ಕೆ ನನ್ನ ಯಂತ್ರದಲ್ಲಿ ಗುಂಡಿಯಿಲ್ಲ.
ಹಳೆ ಬಿಲ್ಲಿನ ಕಾಗದದಲ್ಲೇ ಸುತ್ತಿ ಕೊಟ್ಟ
ಒಗ್ಗರಣೆ ಮಂಡಕ್ಕಿ ತಿನ್ನುತ್ತ ಓದಿಕೊಂಡೆ
ಯಾರದೋ ಮಾರ್ಚ್ ತಿಂಗಳ ಬಾಕಿ.

ಮತ್ತೆ, ಅಣ್ಣೋಜಿರಾಯರು.
ತಕ್ಕಡಿ ರಿಪೇರಿ. ಪೇಟೆಯಲ್ಲಿ ಈಗೆಲ್ಲ
ಕೆಂಪಂಕಿ ಮಿನುಗುವ ತೂಕದ ಯಂತ್ರಗಳು,
ಇವರ ಬಾಗಿಲಲ್ಲಿ ಮಾತ್ರ ಸರಪಳಿ, ತಟ್ಟೆ, ಹಿತ್ತಾಳೆಯ ಮುಳ್ಳು.
ಜೇಷ್ಠದಲ್ಲಿ ನಾಲ್ಕು ಸಾವಿರದ ನಾನೂರ ಹದಿನೇಳು.
ಆಷಾಢದಲ್ಲೂ ಹದಿನೇಳು.
ಶ್ರಾವಣದಲ್ಲೂ.
ಮೀಟರು ಸತ್ತಿದೆ ಎಂದು ಬರೆಯಲು ಹೋದೆ.
"ಸತ್ತಿಲ್ಲಮ್ಮ, ಕುಂತೈತೆ.
ಬೆಳಕು ಇರೋತನಕ ಕೆಲಸ, ಹೋದ್ಮೇಲೆ ಮನೆ.
ಲೈಟು ಯಾಕೆ ಬೇಕು?"
ಮೊಳಕ್ಕೆ ತೂಗುಹಾಕಿದ ಪುಟ್ಟ ತಕ್ಕಡಿಯ ಒಂದು ತಟ್ಟೆಗೆ
ನನ್ನ ಪೆನ್ನಿನ ಮುಚ್ಚಳ ಇಟ್ಟರು, ಇನ್ನೊಂದಕ್ಕೆ ಚಿಟಿಕೆ ಅಕ್ಕಿ.
ಕಾಳು ಕಾಳಾಗಿ ಸೇರಿಸಿ, ಉಸಿರು ಬಿಗಿಹಿಡಿದು,
ಮುಳ್ಳು ನೆಟ್ಟಗಾದಾಗ ನನ್ನ ಕಡೆ ನೋಡಿದರು,
ಶಾಲೆಯಲ್ಲಿ ಲೆಕ್ಕ ಸರಿಬಂದ ಹುಡುಗನ ಹಾಗೆ.

ಭಾದ್ರಪದದಲ್ಲಿ ಟಾರ್ಚು ಬಿಟ್ಟೆ.
ಹದಿನೆಂಟು.
ಕಣ್ಣುಜ್ಜಿ ಮತ್ತೆ ನೋಡಿದೆ. ಹದಿನೆಂಟೇ.
"ರಾತ್ರಿ ಕೆಲಸ ಇತ್ತಾ ರಾಯರೇ?"
ಅರದಿಂದ ಕೊಕ್ಕೆ ಉಜ್ಜುತ್ತಲೇ ಇದ್ದರು, ತಲೆ ಎತ್ತದೆ.
"ಕೆಲಸ ಎಲ್ಲೀದು. ಒಂದೆರಡು ದಿನ ಹಂಗೇ ಹಾಕಿಟ್ಟಿದ್ದೆ.
ತಿಂಗಳಾ ತಿಂಗಳಾ ಬರ್ತೀಯ,
ಬಾಗಿಲಿಗೆ ಬಂದ ಹೆಣ್ಮಗಳು
ಬರಿಗೈಯಲ್ಲಿ ಹೋಗ್ತೀಯಲ್ಲ."

ಯಂತ್ರ ಕಿರ್ರೆಂದು ಕಾಗದ ಉಗುಳಿತು.
ಹರಿದು ಅವರಿಗೆ ಕೊಡಬೇಕಾದ ಚೀಟಿ.
ಕೊಟ್ಟೆ. ಆಮೇಲೆ ಬೀದಿಯಲ್ಲಿ ನಿಂತು
ಇನ್ನೊಂದು ಪ್ರತಿ ತೆಗೆದೆ, ನಿಯಮದಲ್ಲಿಲ್ಲ,
ಸೆರಗಿನ ಗಂಟಿಗೆ.